ಆಲಿಸ್ ಇವಾನ್ಸ್

ಹಾಲಿನಂಥ ಮನಸ್ಸು, ಹಾಲಿನಂಥ ಬೆಳುದಿಂಗಳು ಎಂದು ನಾವು ಹೇಳುತ್ತೇವೆ. ನಿರ್ಮಲವಾದುದನ್ನು ಹಾಲಿಗೆ ಹೋಲಿಸುವುದು ನಮ್ಮ ನುಡಿಯಲ್ಲಿ ಬಹುಕಾಲದಿಂದ ಬಂದಿರುವ ರೂಢಿ. ಆದರೂ ಕರೆದ ಹಾಲನ್ನು ಹಾಗೆಯೇ ಕುಡಿಯುವವರು ನಮ್ಮಲ್ಲಿ ವಿರಳ. ಮನೆಗೆ ಬಂದ ಹಾಲು ಮೊದಲು ಒಲೆಯನ್ನು ಕಾಣುತ್ತದೆ. ಕಾದು ಉಕ್ಕಿದ ಮೇಲೆಯೇ ಲೋಟವನ್ನು ಸೇರುತ್ತದೆ. ಹಾಲನ್ನು ಕಾಯಿಸುವ ಈ ಪದ್ಧತಿ ಯಾವಾಗ ಆರಂಭವಾಯಿತೆಂದು ಯಾರೂ ಕೇಳುವುದಿಲ್ಲ. ಹಾಲು ಕೆಡದಿರಲೆಂದು ಕಾಯಿಸುತ್ತೇವೆ ಎಂಬುದಷ್ಟೇ ಬಹು ಮಂದಿಗೆ ತಿಳಿದ ಕಾರಣ. ಯೂರೋಪು ಮತ್ತು ಅಮೆರಿಕಗಳಲ್ಲಿ ಈ ವಾಡಿಕೆ ಇರಲಿಲ್ಲ. ಅಲ್ಲಿನ ಜನ ಹಸಿಹಾಲನ್ನು ತಣ್ಣಗೆಯೇ ಕುಡಿಯುತ್ತಿದ್ದರು. ಎಳೆಯ ಮಕ್ಕಳಿಗೂ ಅದನ್ನೇ ಕುಡಿಸುತ್ತಿದ್ದರು. ಹಾಲನ್ನು ಬಿಸಿಮಾಡಿ ಮಾರಬೇಕೇ, ಕರೆದಂತೆಯೇ ಮಾರಬೇಕೇ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ದೇಶಗಳಲ್ಲಿ ದೊಡ್ಡ ವಾಗ್ವಾದವಾಗಿ ಬೆಳೆಯಿತು. ವೈದ್ಯರು, ಹೈನುಗಾರರು, ನಗರಸಭೆಗಳು, ಪತ್ರಿಕೆಗಳು ಎಲ್ಲರೂ ಅದರಲ್ಲಿ ಪಾಲುಗೊಂಡರು. ಆ ವಾದಕ್ಕೆ ಯಾರೂ ನಿರೀಕ್ಷಿಸದಿದ್ದ ಒಂದು ಹೊಸ ಸಾಕ್ಷ್ಯವನ್ನು ಒದಗಿಸಿ, ಅದಕ್ಕಾಗಿ ತನ್ನ ಆರೋಗ್ಯವನ್ನೇ ತೆತ್ತ ವಿಜ್ಞಾನಿ ಆಲಿಸ್ ಇವಾನ್ಸ್.

ಆಲಿಸ್ ಕ್ಯಾಥರೀನ್ ಇವಾನ್ಸ್ 1881ನೆಯ ಇಸವಿ ಜನವರಿ 29ರಂದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೆನ್ಸಿಲ್ವೇನಿಯ ರಾಜ್ಯದ ನೀತ್ ಎಂಬ ಹಳ್ಳಿಯಲ್ಲಿ ಜನಿಸಿದಳು. ಬ್ರಿಟನ್ನಿನ ವೇಲ್ಸ್ ಪ್ರಾಂತದಿಂದ ವಲಸೆ ಬಂದವರು ನೆಲೆಸಿದ ಹಳ್ಳಿ ಅದು. ತಂದೆ ವಿಲಿಯಂ ಇವಾನ್ಸ್ ಬೇಸಾಯಗಾರ. ಜೊತೆಗೆ ಭೂಮಿಯ ಅಳತೆಯ ಕೆಲಸವನ್ನೂ ಮಾಡುತ್ತಿದ್ದ. ಒಂದು ಕಾಲಕ್ಕೆ ಉಪಾಧ್ಯಾಯನೂ ಆಗಿದ್ದವನು. ತಾಯಿ ಆನ್ ಚಿಕ್ಕಂದಿನಲ್ಲಿಯೇ ವೇಲ್ಸಿನಿಂದ ಬಂದು ಅಲ್ಲಿ ನೆಲೆಸಿದವಳು. ಮನೆಯಲ್ಲಿ ಸಿರಿತನವಿರಲಿಲ್ಲ, ಆದರೆ ಓದಿಗೆ ಗೌರವವಿತ್ತು. ಹೊಲ, ದನ, ಕೊಟ್ಟಿಗೆಗಳ ನಡುವೆ ಬೆಳೆದ ಆ ಹುಡುಗಿಗೆ ಹಾಲು ಪುಸ್ತಕದಲ್ಲಿ ಓದಿ ತಿಳಿದ ವಸ್ತುವಾಗಿರಲಿಲ್ಲ.

ಹಳ್ಳಿಯ ಶಾಲೆಯ ಅನಂತರ ಆಲಿಸ್ ಟೊವಾಂಡ ಎಂಬ ಊರಿನ ಸಸ್ಕ್ವಿಹಾನ ವಿದ್ಯಾಸಂಸ್ಥೆಯಲ್ಲಿ ಕಲಿತಳು. ಮುಂದೆ ಕಾಲೇಜಿಗೆ ಹೋಗಬೇಕೆಂಬ ಆಸೆಯೇನೋ ಇತ್ತು, ಹಣವಿರಲಿಲ್ಲ. ಆ ಕಾಲದಲ್ಲಿ ಓದಿದ ಹೆಣ್ಣುಮಗಳಿಗೆ ತೆರೆದಿದ್ದ ಬಾಗಿಲು ಒಂದೇ, ಶಾಲೆಯ ಬಾಗಿಲು. ಆಕೆ ನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದಳು. ಕಲಿಸುವ ಕೆಲಸದಲ್ಲಿ ಆಕೆಗೆ ಅಂಥ ಉತ್ಸಾಹವಿರಲಿಲ್ಲವೆಂದು ಹೇಳಬೇಕು. ಅಷ್ಟರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯವು ಹಳ್ಳಿಯ ಉಪಾಧ್ಯಾಯರಿಗೆ ಪ್ರಕೃತಿ ಪಾಠವನ್ನು ಉಚಿತವಾಗಿ ಕಲಿಸುತ್ತಿರುವ ಸುದ್ದಿ ತಿಳಿಯಿತು. ಕ್ರಿಮಿಕೀಟ, ಗಿಡಮರ, ಹಕ್ಕಿಪಕ್ಷಿಗಳನ್ನು ಮಕ್ಕಳಿಗೆ ಪರಿಚಯ ಮಾಡಿಕೊಡಲು ಉಪಾಧ್ಯಾಯರನ್ನು ಸಿದ್ಧಗೊಳಿಸುವುದು ಆ ಶಿಕ್ಷಣದ ಗುರಿ. ಆಲಿಸ್ ಅಲ್ಲಿಗೆ ಹೋದದ್ದು ಆ ಉದ್ದೇಶದಿಂದಲೇ. ಆದರೆ ಅಲ್ಲಿ ಜೀವಶಾಸ್ತ್ರದ ರುಚಿ ಹತ್ತಿದ ಮೇಲೆ ಆಕೆ ಮತ್ತೆ ಹಳ್ಳಿಯ ಶಾಲೆಗೆ ಮರಳಲಿಲ್ಲ. ವಿದ್ಯಾರ್ಥಿವೇತನ ದೊರೆಯಿತು, ಕೃಷಿ ಕಾಲೇಜಿನಲ್ಲಿ ಬೋಧನ ಶುಲ್ಕವಿರಲಿಲ್ಲ. ಆಕೆ ಜೀವಾಣುಶಾಸ್ತ್ರವನ್ನು ಆರಿಸಿಕೊಂಡು 1909ರಲ್ಲಿ ಪದವೀಧರಳಾದಳು. ಮರುವರ್ಷ, 1910ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿಯನ್ನು ಪಡೆದಳು. ಜೀವಾಣುಶಾಸ್ತ್ರಕ್ಕೆಂದು ಆ ವಿಶ್ವವಿದ್ಯಾಲಯ ನೀಡುತ್ತಿದ್ದ ವಿದ್ಯಾರ್ಥಿವೇತನವನ್ನು ಪಡೆದ ಮೊದಲ ಮಹಿಳೆ ಆಕೆಯೇ. ಡಾಕ್ಟರೇಟ್ ಪದವಿಗಾಗಿ ಓದನ್ನು ಮುಂದುವರಿಸಲು ಅಧ್ಯಾಪಕರು ಹುರಿದುಂಬಿಸಿದರು. ಆದರೆ ಇನ್ನೂ ಕೆಲವು ವರ್ಷಗಳ ಕಷ್ಟಜೀವನಕ್ಕೆ ಆಕೆ ಸಿದ್ಧಳಿರಲಿಲ್ಲ. ಆದುದರಿಂದ ಕೃಷಿ ಇಲಾಖೆಯಲ್ಲಿ ದೊರೆತ ಉದ್ಯೋಗಕ್ಕೆ ಒಪ್ಪಿಕೊಂಡಳು. ಆ ಪದವಿಯಿಲ್ಲದ ಕೊರತೆಯನ್ನು ಮುಂದೆ ಅನೇಕರು ಆಕೆಗೆ ನೆನಪಿಸಿಕೊಡುವವರಿದ್ದರು.

ಆಕೆಯ ಮೊದಲ ಕೆಲಸ ಗಿಣ್ಣಿನ ರುಚಿಗೆ ಸಂಬಂಧಿಸಿದ್ದು. ಗಿಣ್ಣು ಎಂದರೆ ಇಲ್ಲಿ ನಾವು ತಿನ್ನುವ ಗಿಣ್ಣಲ್ಲ. ಹಾಲನ್ನು ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಮಾಗಿಸಿದ ಚೀಸ್. ಯಾವ ಜೀವಾಣುಗಳಿಂದ ಅದಕ್ಕೆ ಒಳ್ಳೆಯ ಪರಿಮಳ ಬರುತ್ತದೆ ಎಂಬುದನ್ನು ಮ್ಯಾಡಿಸನ್ ನಗರದಲ್ಲಿ ಆಕೆ ಮೂರು ವರ್ಷ ಪರೀಕ್ಷಿಸಿದಳು. 1913ರಲ್ಲಿ ವಾಷಿಂಗ್ಟನ್ನಿನಲ್ಲಿ ಇಲಾಖೆಯ ಹೊಸ ಪ್ರಯೋಗಾಲಯಗಳು ಸಿದ್ಧವಾದುವು. ಆಲಿಸ್‌ಗೆ ಅಲ್ಲಿಗೆ ವರ್ಗವಾಯಿತು. ರಾಜಧಾನಿಯ ಆ ಕಚೇರಿಯಲ್ಲಿ ಮಹಿಳಾ ವಿಜ್ಞಾನಿ ಬೇಕೆಂದು ಯಾರೂ ಬಯಸಿರಲಿಲ್ಲ. ಬರುತ್ತಿರುವಾಕೆ ಹೆಂಗಸು ಎಂಬ ಸುದ್ದಿಯನ್ನು ಕೇಳಿ ಅಧಿಕಾರಿಗಳು ಕಕ್ಕಾಬಿಕ್ಕಿಯಾದರೆಂಬ ಮಾತು ಆಕೆಯ ಕಿವಿಗೂ ಬಿದ್ದಿತು. ಆದರೆ ಸರ್ಕಾರದ ನಿಯಮಗಳ ಪ್ರಕಾರ ಆಕೆಯ ನೇಮಕ ಸಿಂಧುವಾಗಿತ್ತು; ತಳ್ಳಿಹಾಕುವಂತಿರಲಿಲ್ಲ. ಆ ಇಲಾಖೆಯಲ್ಲಿ ಖಾಯಂ ಹುದ್ದೆಯನ್ನು ಪಡೆದ ಮೊದಲ ಮಹಿಳಾ ಜೀವಾಣುಶಾಸ್ತ್ರಜ್ಞೆ ಎಂಬ ಹೆಸರು ಆಕೆಗೆ ಬಂದದ್ದು ಹೀಗೆ.

ಹಾಲಿನ ವಾಗ್ವಾದ ಆ ಹೊತ್ತಿಗೆ ಎಲ್ಲಿಗೆ ಬಂದಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ದ್ರಾಕ್ಷಾಮದ್ಯವು ಹುಳಿತು ಕೆಡದಂತೆ ಅದನ್ನು ಹದವಾಗಿ ಬಿಸಿಮಾಡುವ ವಿಧಾನವನ್ನು ಕಂಡುಹಿಡಿದಿದ್ದ. ಅದೇ ವಿಧಾನವನ್ನು ಅನಂತರ ಹಾಲಿಗೂ ಅನ್ವಯಿಸಿದರು. ಅದಕ್ಕೆ ಪಾಶ್ಚರೀಕರಣ ಎಂಬ ಹೆಸರು ಬಂದಿತು. ಇದು ಹಾಲನ್ನು ಕುದಿಸುವ ಕ್ರಮವಲ್ಲ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಇರಿಸಿ, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡುಗಳ ಕಾಲ ಇರಿಸಿ, ಕೂಡಲೆ ತಣಿಸುತ್ತಾರೆ. ರೋಗವನ್ನುಂಟುಮಾಡುವ ಜೀವಾಣುಗಳು ಅಷ್ಟರಿಂದಲೇ ಸಾಯುತ್ತವೆ. ಹಾಲಿನ ರುಚಿ ಹೆಚ್ಚು ಬದಲಾಗುವುದಿಲ್ಲ. ನ್ಯೂಯಾರ್ಕಿನ ವರ್ತಕ ನೇಥನ್ ಸ್ಟ್ರಾಸ್ 1893ರಿಂದ ತನ್ನ ಸ್ವಂತ ಹಣದಲ್ಲಿ ಹಾಲಿನ ಕೇಂದ್ರಗಳನ್ನು ತೆರೆದು, ಬಡವರ ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲನ್ನು ಒದಗಿಸತೊಡಗಿದ್ದ. ಬೇಸಗೆ ಬಂತೆಂದರೆ ಆ ನಗರದಲ್ಲಿ ಹಸುಳೆಗಳು ವಾಂತಿಭೇದಿಯಿಂದ ಗುಂಪುಗುಂಪಾಗಿ ಸಾಯುತ್ತಿದ್ದ ಕಾಲ ಅದು.

ಇದಕ್ಕೆ ವಿರೋಧಿಗಳೂ ಇದ್ದರು. ಅವರೆಲ್ಲ ಅವಿವೇಕಿಗಳಾಗಿದ್ದರೆಂದು ತಿಳಿಯಬಾರದು. ಹಾಲನ್ನು ಬಿಸಿಮಾಡಿದರೆ ಅದರ ಸತ್ವ ಹೋಗುವುದೆಂದು ಕೆಲವರು ಹೇಳಿದರು. ಬಿಸಿಮಾಡಲು ಅವಕಾಶ ಕೊಟ್ಟರೆ ಹೈನುಗಾರರು ಕೊಟ್ಟಿಗೆಯನ್ನು ಗುಡಿಸುವುದನ್ನೇ ಬಿಡುವರು, ಕೊಳಕು ಹಾಲನ್ನು ಕಾಯಿಸಿ ಮಾರುವರು ಎಂದು ಮತ್ತೆ ಕೆಲವರು ಹೆದರಿದರು. ಈ ಎರಡನೆಯ ಮಾತಿನಲ್ಲಿ ಹುರುಳಿತ್ತು. ನ್ಯೂಜೆರ್ಸಿಯ ವೈದ್ಯ ಹೆನ್ರಿ ಕಾಯಿಟ್ 1893ರಲ್ಲಿ ಇನ್ನೊಂದು ಮಾರ್ಗವನ್ನು ತೋರಿಸಿದ್ದ. ಹಸುಗಳನ್ನು ಪರೀಕ್ಷಿಸಿ, ಕೊಟ್ಟಿಗೆಯನ್ನು ತೊಳೆದು, ಕರೆಯುವವರ ಕೈಯನ್ನು ಶುಚಿಗೊಳಿಸಿ, ವೈದ್ಯರ ಮಂಡಲಿಯ ಮೇಲ್ವಿಚಾರಣೆಯಲ್ಲಿ ಕರೆದ ಹಸಿಹಾಲಿಗೆ ಪ್ರಮಾಣಪತ್ರ ಕೊಡುವುದು ಅವನ ಯೋಜನೆ. ಈ ಪ್ರಮಾಣಿತ ಹಾಲಿಗೆ ಬೆಲೆ ಹೆಚ್ಚು. ಆದರೂ ಅನುಕೂಲಸ್ಥರು ಅದನ್ನು ನಂಬಿ ಕೊಳ್ಳುತ್ತಿದ್ದರು. ಹಸುವಿನ ಕೆಚ್ಚಲಿನಿಂದ ಹೊರಬರುವ ಹಾಲು ಸ್ವಭಾವತಃ ಶುದ್ಧ, ಕೊಳೆ ಸೇರುವುದು ಹೊರಗಿನಿಂದ ಎಂಬುದು ಈ ನಂಬಿಕೆಯ ಬುನಾದಿ. ಹಸುವಿನ ಕ್ಷಯರೋಗದ ವಿಷಯ ಎಲ್ಲರಿಗೂ ತಿಳಿದಿತ್ತು. ಆದರೆ ಅಂಥ ಹಸುವನ್ನು ಪರೀಕ್ಷೆಯಿಂದ ಗುರುತಿಸಿ ಬೇರ್ಪಡಿಸಬಹುದಾಗಿತ್ತು. ಅದೂ ಅಲ್ಲದೆ, ಕ್ಷಯದ ಜೀವಾಣುವನ್ನು ಕಂಡುಹಿಡಿದ ರಾಬರ್ಟ್ ಕಾಕ್ 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ, ಹಸುವಿನ ಕ್ಷಯದಿಂದ ಮನುಷ್ಯನಿಗೆ ಅಂಥ ಅಪಾಯವಿಲ್ಲವೆಂದು ಸಾರಿದ್ದ. ಅದು ತಪ್ಪೆಂದು ತೋರಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗಕ್ಕೆ ಹತ್ತು ವರ್ಷ ಹಿಡಿಯಿತು. ದೊಡ್ಡವರ ಮಾತು ತಪ್ಪಾದಾಗ ಅದನ್ನು ತಿದ್ದುವುದಕ್ಕೆ ಹಿಡಿಯುವ ಕಾಲವೂ ದೊಡ್ಡದು.

ಆಲಿಸ್‌ಗೆ ಒಪ್ಪಿಸಿದ ಕೆಲಸ ಹೊಸದಾಗಿ ಕರೆದ ಹಾಲಿನಲ್ಲಿ ಎಂತಹ ಜೀವಾಣುಗಳಿವೆ ಎಂಬುದನ್ನು ನೋಡುವುದು. ಬಹು ಎಚ್ಚರಿಕೆಯಿಂದ, ಹೊರಗಿನ ಕೊಳೆ ಸೋಕದಂತೆ ಕರೆದ ಹಾಲಿನಲ್ಲಿಯೂ ಜೀವಾಣುಗಳಿರುವುದು ಆಕೆಯ ಕಣ್ಣಿಗೆ ಬಿದ್ದಿತು. ಅವುಗಳಲ್ಲಿ ಒಂದು ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಗುರುತಿಸಿದ ಜೀವಾಣುವನ್ನು ಹೋಲುತ್ತಿತ್ತು. ಗಬ್ಬದ ಹಸು ದಿನ ತುಂಬುವ ಮೊದಲೇ ಕರುವನ್ನು ಹಾಕಿಬಿಡುವ ಕಾಯಿಲೆಗೆ ಅದೇ ಕಾರಣ. ನಮ್ಮ ರೈತರು ಇದನ್ನು ಕಂದು ಹಾಕುವ ರೋಗ, ಕಂದುರೋಗ ಎನ್ನುತ್ತಾರೆ. ಒಂದು ಹಸುವಿಗೆ ಬಂದರೆ ಕೊಟ್ಟಿಗೆಗೆಲ್ಲ ಹರಡುತ್ತದೆ. ವಿಚಿತ್ರವೆಂದರೆ, ಕಂದು ಹಾಕಿದ ಹಸು ಅನಂತರ ನೋಡುವುದಕ್ಕೆ ಆರೋಗ್ಯವಾಗಿಯೇ ಇರುತ್ತದೆ, ಮೇಯುತ್ತದೆ, ಹಾಲು ಕೊಡುತ್ತದೆ. ಆ ಹಾಲಿನ ಮೂಲಕ ಜೀವಾಣುಗಳನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೊರಹಾಕುತ್ತಲೂ ಇರುತ್ತದೆ. ಇದು ಕೆಲವು ವಿದ್ವಾಂಸರಿಗೆ ತಿಳಿದಿತ್ತು. ಆದರೆ ಈ ಜೀವಾಣುವಿನಿಂದ ದನಗಳಿಗಷ್ಟೇ ಕೇಡು, ಮನುಷ್ಯನಿಗಲ್ಲ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು.

ಇನ್ನೊಂದು ಕಡೆ, ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಒಂದು ಬಗೆಯ ಜ್ವರ ಬ್ರಿಟಿಷ್ ಸೈನಿಕರನ್ನು ಪೀಡಿಸುತ್ತಿತ್ತು. ಜ್ವರ ಏರುತ್ತದೆ, ಕೆಲವು ದಿನಗಳಲ್ಲಿ ಇಳಿಯುತ್ತದೆ, ವಾಸಿಯಾಯಿತೆನ್ನುವಾಗ ಮತ್ತೆ ಅಲೆಯಂತೆ ಏರುತ್ತದೆ. ಮೈಯೆಲ್ಲ ಬೆವರು, ಕೀಲುಗಳಲ್ಲಿ ನೋವು, ಏಳಲಾಗದ ಬಳಲಿಕೆ, ಮನಸ್ಸಿಗೆ ಮಂಕು. ಸೈನ್ಯದ ವೈದ್ಯ ಡೇವಿಡ್ ಬ್ರೂಸ್ 1887ರಲ್ಲಿ ಈ ಮಾಲ್ಟಾ ಜ್ವರದ ಜೀವಾಣುವನ್ನು ಕಂಡುಹಿಡಿದ. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ಬಹುಕಾಲ ತಿಳಿಯಲಿಲ್ಲ. ಮಾಲ್ಟಾದವನೇ ಆದ ಥೆಮಿಸ್ಟೋಕ್ಲೀಸ್ ಝಾಮಿಟ್ 1905ರಲ್ಲಿ ಮೇಕೆಗಳ ರಕ್ತವನ್ನು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಮನೆಬಾಗಿಲಿಗೆ ಬಂದು ಹಾಲು ಕೊಡುತ್ತಿದ್ದ, ನೋಡಲು ಚೆನ್ನಾಗಿದ್ದ ಮೇಕೆಗಳೇ ರೋಗದ ಮನೆಯಾಗಿದ್ದುವು. 1906ರಲ್ಲಿ ಸೈನಿಕರ ಊಟದಿಂದ ಮೇಕೆಯ ಹಾಲನ್ನು ತೆಗೆದುಹಾಕಿದೊಡನೆ ಜ್ವರ ಇಳಿಮುಖವಾಯಿತು. ಇನ್ನೂ ಒಂದು ಸಂಗತಿ: ಆಲಿಸ್ ಮುಂದೆ ಸೇರಿದ ಅದೇ ಅಮೆರಿಕನ್ ಕೃಷಿ ಇಲಾಖೆ 1905ರಲ್ಲಿ ಮಾಲ್ಟಾದಿಂದ ಅರವತ್ತಕ್ಕೂ ಹೆಚ್ಚು ಮೇಕೆಗಳನ್ನು ಹಡಗಿನಲ್ಲಿ ತರಿಸಿತ್ತು. ದಾರಿಯಲ್ಲಿ ಅವುಗಳ ಹಸಿಹಾಲನ್ನು ಕುಡಿದ ನಾವಿಕರಲ್ಲಿ ಬಹು ಮಂದಿ ಜ್ವರದಿಂದ ಮಲಗಿದ್ದರು.

ಮೇಕೆಯ ರೋಗ ಬೇರೆ, ಹಸುವಿನ ರೋಗ ಬೇರೆ ಎಂದು ಎಲ್ಲರೂ ನಂಬಿದ್ದುದಕ್ಕೆ ಒಂದು ಕಾರಣವಿತ್ತು. ಬ್ರೂಸ್ ತಾನು ಕಂಡ ಜೀವಾಣುವನ್ನು ಗುಂಡಗಿನದೆಂದು ವರ್ಣಿಸಿದ್ದ. ಬ್ಯಾಂಗ್ ತಾನು ಕಂಡುದನ್ನು ಕಡ್ಡಿಯಾಕಾರದ್ದೆಂದು ವರ್ಣಿಸಿದ್ದ. ಗ್ರಂಥಗಳಲ್ಲಿ ಗುಂಡುಜೀವಾಣುಗಳ ಅಧ್ಯಾಯ ಒಂದು, ಕಡ್ಡಿಜೀವಾಣುಗಳ ಅಧ್ಯಾಯ ಇನ್ನೊಂದು. ಮೇಲಾಗಿ ಒಂದು ವೈದ್ಯರಿಗೆ ಸೇರಿದ್ದು, ಮತ್ತೊಂದು ಪಶುವೈದ್ಯರಿಗೆ ಸೇರಿದ್ದು. ಹೀಗಾಗಿ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಪ್ರಸಂಗವೇ ಯಾರಿಗೂ ಬಂದಿರಲಿಲ್ಲ. ಹೋಲಿಸಿ ನೋಡಬಹುದೆಂಬ ಸಲಹೆ ಆಲಿಸ್‌ಗೆ ಬಂದದ್ದು ಇಲಾಖೆಯ ಹಿರಿಯ ರೋಗಶಾಸ್ತ್ರಜ್ಞನಾದ ಅಡಾಲ್ಫ್ ಐಖ್‌ಹಾರ್ನನಿಂದ. ಆಕೆ ಎರಡನ್ನೂ ಬೆಳೆಸಿದಳು. ಒಂದೇ ಬಗೆಯ ಆಹಾರದಲ್ಲಿ ಎರಡೂ ಒಂದೇ ರೀತಿ ಬೆಳೆದುವು. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಒಂದು ಗುಂಡಾಗಿಯೂ ಇರಲಿಲ್ಲ, ಮತ್ತೊಂದು ಉದ್ದ ಕಡ್ಡಿಯಾಗಿಯೂ ಇರಲಿಲ್ಲ. ಎರಡೂ ಗಿಡ್ಡ ಕಡ್ಡಿಗಳೇ. ಅನಂತರ ಆಕೆ ರಕ್ತದ್ರವದ ಪರೀಕ್ಷೆಗೆ ತೊಡಗಿದಳು. ಒಂದು ಜೀವಾಣುವಿನಿಂದ ಸೋಂಕು ತಗುಲಿದ ಪ್ರಾಣಿಯ ರಕ್ತದ್ರವವನ್ನು ಅದೇ ಜೀವಾಣುವಿನ ಮೇಲೆ ಹಾಕಿದರೆ ಜೀವಾಣುಗಳು ಒಂದಕ್ಕೊಂದು ಅಂಟಿ ಗರಣೆಗಟ್ಟುತ್ತವೆ. ಬೇರೆ ಜಾತಿಯ ಜೀವಾಣುಗಳು ಸಾಮಾನ್ಯವಾಗಿ ಹಾಗಾಗುವುದಿಲ್ಲ. ಆದರೆ ಇಲ್ಲಿ ಹಸುವಿನ ಜೀವಾಣುವಿಗಾಗಿ ಸಿದ್ಧಗೊಂಡ ದ್ರವ ಮೇಕೆಯ ಜೀವಾಣುವನ್ನೂ ಗರಣೆಗಟ್ಟಿಸಿತು. ಮೇಕೆಯದು ಹಸುವಿನದನ್ನು ಗರಣೆಗಟ್ಟಿಸಿತು. ಇಪ್ಪತ್ತು ವರ್ಷ ಬೇರೆ ಬೇರೆ ಎಂದು ಎಣಿಸಿದ್ದ ಇವು ಅತ್ಯಂತ ಸಮೀಪದ ಬಂಧುಗಳಾಗಿದ್ದುವು.

ಇದರಿಂದ ಏಳುವ ಪ್ರಶ್ನೆ ಸರಳವಾದುದು. ಮೇಕೆಯ ಹಸಿಹಾಲಿನಿಂದ ಮನುಷ್ಯನಿಗೆ ಜ್ವರ ಬರುವುದಾದರೆ, ಅದರ ಸೋದರನಂತಿರುವ ಜೀವಾಣು ತುಂಬಿದ ಹಸುವಿನ ಹಸಿಹಾಲು ನಿರಪಾಯವೆಂದು ಹೇಳುವುದು ಹೇಗೆ? ಪ್ರಮಾಣಪತ್ರವಿದ್ದ ಮಾತ್ರಕ್ಕೆ ಪ್ರಯೋಜನವೇನು? ಕೊಟ್ಟಿಗೆ ಎಷ್ಟೇ ಶುಚಿಯಾಗಿರಲಿ, ಕರೆಯುವ ಕೈ ಎಷ್ಟೇ ತೊಳೆದಿರಲಿ, ಈ ಜೀವಾಣು ಹೊರಗಿನ ಕೊಳೆಯಲ್ಲ. ಕೆಚ್ಚಲಿನ ಒಳಗಿನಿಂದಲೇ ಹಾಲಿನ ಜೊತೆಗೆ ಬರುವಂಥದು. 1917ರ ಡಿಸೆಂಬರಿನಲ್ಲಿ ಅಮೆರಿಕದ ಜೀವಾಣುಶಾಸ್ತ್ರಜ್ಞರ ಸಂಘದ ಸಭೆಯಲ್ಲಿ ಆಲಿಸ್ ತನ್ನ ಪ್ರಬಂಧವನ್ನು ಓದಿದಳು. 1918ರಲ್ಲಿ ಅದು ಅಚ್ಚಾಯಿತು. ಹಾಲನ್ನು ಪಾಶ್ಚರೀಕರಿಸಿಯೇ ಬಳಸುವುದು ಕ್ಷೇಮ ಎಂಬುದು ಆಕೆಯ ಅಭಿಪ್ರಾಯ.

ಸಭೆ ಅದನ್ನು ನಂಬಲಿಲ್ಲ. ಈ ಎರಡು ಜೀವಾಣುಗಳಿಗೆ ಅಷ್ಟು ಹತ್ತಿರದ ಸಂಬಂಧವಿದ್ದುದಾದರೆ ಇಷ್ಟು ಹೊತ್ತಿಗೆ ಯಾರಾದರೂ ದೊಡ್ಡ ವಿದ್ವಾಂಸರು ಅದನ್ನು ಕಂಡುಹಿಡಿಯದೆ ಇರುತ್ತಿದ್ದರೇ ಎಂಬುದು ಹಲವರ ತರ್ಕ. ಈ ತರ್ಕವನ್ನು ಒಪ್ಪಿಕೊಂಡರೆ ಲೋಕದಲ್ಲಿ ಹೊಸದಾಗಿ ಏನನ್ನೂ ಕಂಡುಹಿಡಿಯುವಂತಿಲ್ಲ! ಆಕೆ ಪಶುವೈದ್ಯಳಲ್ಲ, ವೈದ್ಯಳೂ ಅಲ್ಲ, ಡಾಕ್ಟರೇಟ್ ಪಡೆದವಳಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹೆಂಗಸು. ವಿಜ್ಞಾನಿಗಳ ಸಭೆಯೂ ಮನುಷ್ಯರ ಸಭೆಯೇ ಎಂಬುದನ್ನು ಮರೆಯಬಾರದು. ಆ ದೇಶದ ಎಲ್ಲ ಸ್ತ್ರೀಯರಿಗೂ ಮತದಾನದ ಹಕ್ಕನ್ನು ಖಚಿತಪಡಿಸಿದ ತಿದ್ದುಪಡಿ ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ, ಎಂದರೆ ಈ ಸಭೆ ನಡೆದು ಎರಡು ವರ್ಷಗಳು ಕಳೆದ ಮೇಲೆ. ಹೈನುಗಾರರ ಕೋಪವಂತೂ ಹೇಳತೀರದು. ಪಾಶ್ಚರೀಕರಣದ ಯಂತ್ರಗಳನ್ನು ಮಾಡುವವರೊಡನೆ ಆಕೆ ಸೇರಿಕೊಂಡಿದ್ದಾಳೆಂಬ ಆಪಾದನೆಯೂ ಹುಟ್ಟಿತು.

ವಿರೋಧಿಸಿದವರಲ್ಲಿ ಹಿರಿಯನಾದ ಥಿಯೊಬಾಲ್ಡ್ ಸ್ಮಿತ್‌ನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ದನಗಳ ಜ್ವರವೊಂದು ಉಣ್ಣೆಹುಳುಗಳಿಂದ ಹರಡುತ್ತದೆಂದು 1893ರಲ್ಲಿ ತೋರಿಸಿದವನು ಆತ. ಮನುಷ್ಯನ ಕ್ಷಯ ಮತ್ತು ಹಸುವಿನ ಕ್ಷಯಗಳ ಜೀವಾಣುಗಳನ್ನು ಬೇರೆ ಬೇರೆಯಾಗಿ ಗುರುತಿಸಿದವನೂ ಆತನೇ. ಅಮೆರಿಕದ ಜೀವಾಣುಶಾಸ್ತ್ರದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಅವನ ಸಂದೇಹ ಅಸಂಗತವಾಗಿಯೂ ಇರಲಿಲ್ಲ. ಕಂದುರೋಗದ ಜೀವಾಣುವಿರುವ ಹಾಲನ್ನು ಲಕ್ಷಾಂತರ ಜನ ದಿನವೂ ಕುಡಿಯುತ್ತಿದ್ದಾರೆ. ಅದರಿಂದ ರೋಗ ಬರುವುದೇ ನಿಜವಾದರೆ ರೋಗಿಗಳೆಲ್ಲಿ? ಇದಕ್ಕೆ ಉತ್ತರ ಆಸ್ಪತ್ರೆಗಳಲ್ಲಿತ್ತು. ರೋಗಿಗಳು ಇದ್ದರು, ಆದರೆ ಅವರ ಚೀಟಿಗಳಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯ, ಕೀಲುವಾಯು ಎಂದು ಬೇರೆ ಹೆಸರುಗಳನ್ನು ಬರೆಯಲಾಗಿತ್ತು. ಅಮೆರಿಕದಲ್ಲಿ ಮಾಲ್ಟಾ ಜ್ವರವಿರಬಹುದೆಂದು ಯಾವ ವೈದ್ಯನೂ ಯೋಚಿಸುತ್ತಿರಲಿಲ್ಲ. ಆದುದರಿಂದ ಅದಕ್ಕಾಗಿ ರಕ್ತವನ್ನು ಪರೀಕ್ಷಿಸುತ್ತಲೂ ಇರಲಿಲ್ಲ. ಹುಡುಕದವರಿಗೆ ಅದು ಸಿಕ್ಕುವುದಾದರೂ ಹೇಗೆ?

1918ರಲ್ಲಿಯೇ ಆಲಿಸ್ ಕೃಷಿ ಇಲಾಖೆಯನ್ನು ಬಿಟ್ಟು ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಾಲಯವನ್ನು ಸೇರಿದಳು. ಇದೇ ಪ್ರಯೋಗಾಲಯ 1930ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಯೆಂದು ಹೆಸರಾಯಿತು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಸೈನಿಕರ ಶಿಬಿರಗಳಲ್ಲಿ ಹರಡಿದ್ದ ಮಿದುಳುಪೊರೆಯ ಉರಿಯೂತದ ಮೇಲೆ ಕೆಲಸ ಮಾಡುವ ಹೊಣೆ ಆಕೆಗೆ ಬಂದಿತು. ಹಾಲಿನ ವಿಷಯ ಕೆಲವು ಕಾಲ ಹಿಂದಕ್ಕೆ ಸರಿಯಿತು. ಆದರೆ ಬೇರೆಯವರು ಅದನ್ನು ಎತ್ತಿಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದ ಕಾರ್ಲ್ ಮೇಯರ್ ಮತ್ತು ಅವನ ಸಹೋದ್ಯೋಗಿ ಆಕೆಯ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, 1920ರಲ್ಲಿ ಆಕೆ ಹೇಳಿದ್ದು ಸರಿಯೆಂದು ಪ್ರಕಟಿಸಿದರು. ಎರಡೂ ಜೀವಾಣುಗಳನ್ನು ಒಂದೇ ಕುಲಕ್ಕೆ ಸೇರಿಸಿ, ಡೇವಿಡ್ ಬ್ರೂಸನ ಗೌರವಾರ್ಥವಾಗಿ ಅದಕ್ಕೆ ಬ್ರೂಸೆಲ್ಲ ಎಂಬ ಹೆಸರನ್ನು ಸೂಚಿಸಿದರು. ಅದರಿಂದ ಬರುವ ರೋಗಕ್ಕೆ ಬ್ರೂಸೆಲ್ಲೋಸಿಸ್ ಎಂಬ ಹೆಸರು ನಿಂತಿತು. ಎರಡನ್ನೂ ಒಂದುಗೂಡಿಸಿದಾಕೆಯ ಹೆಸರು ಆ ಹೆಸರಿನಲ್ಲಿಲ್ಲ.

ಯುದ್ಧ ಮುಗಿದ ಮೇಲೆ ಆಲಿಸ್ ತನ್ನ ಜೀವಾಣುಗಳ ಬಳಿಗೆ ಮರಳಿದಳು. 1922ರಲ್ಲಿ ಆಕೆಗೆ ಜ್ವರ ಬಂದಿತು. ಏರಿತು, ಇಳಿಯಿತು, ಮತ್ತೆ ಏರಿತು. ಪ್ರಯೋಗಾಲಯದಲ್ಲಿ ದಿನವೂ ಕೈಯಾಡಿಸುತ್ತಿದ್ದ ಜೀವಾಣು ಆಕೆಯ ದೇಹವನ್ನೇ ಹೊಕ್ಕಿತ್ತು. ಇಂದು ಈ ರೋಗಕ್ಕೆ ಪ್ರತಿಜೀವಕ ಔಷಧಗಳಿವೆ. ಎರಡು ಔಷಧಗಳನ್ನು ಕೆಲವು ವಾರಗಳ ಕಾಲ ಒಟ್ಟಿಗೆ ಕೊಟ್ಟರೆ ಬಹು ಮಂದಿ ಗುಣಹೊಂದುತ್ತಾರೆ. ಆಗ ಅಂಥ ಯಾವ ಮದ್ದೂ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಆ ರೋಗ ಬಿಟ್ಟು ಬಿಟ್ಟು ಆಕೆಯನ್ನು ಕಾಡಿತು. ಕೆಲವು ತಿಂಗಳು ಆಸ್ಪತ್ರೆ, ಕೆಲವು ತಿಂಗಳು ಪ್ರಯೋಗಾಲಯ ಎಂಬಂತೆ ಆಕೆಯ ಜೀವನ ನಡೆಯಿತು. ಇದಕ್ಕಿಂತಲೂ ಕಹಿಯಾದ ಅನುಭವ ಇನ್ನೊಂದಿತ್ತು. ರೋಗ ಹಳೆಯದಾದಂತೆ ಅದರ ಹೊರಗುರುತುಗಳು ಮಾಸುತ್ತವೆ. ರಕ್ತಪರೀಕ್ಷೆಯಲ್ಲಿಯೂ ಎಷ್ಟೋ ಸಲ ಏನೂ ಕಾಣುವುದಿಲ್ಲ. ನೋವು, ಆಯಾಸಗಳು ಮಾತ್ರ ಉಳಿಯುತ್ತವೆ. ಆಗ ವೈದ್ಯರು ಇದು ನರದೌರ್ಬಲ್ಯ, ಎಂದರೆ ರೋಗಿಯ ಮನಸ್ಸಿನ ಕಲ್ಪನೆ ಎಂದು ಹೇಳಿ ಕಳುಹಿಸಿಬಿಡುತ್ತಿದ್ದರು. ಆ ರೋಗದ ಜೀವಾಣುವನ್ನು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಆಲಿಸ್‌ಗೂ ಈ ಮಾತು ತಪ್ಪಲಿಲ್ಲ. ಮುಂದೆ ಶಸ್ತ್ರಚಿಕಿತ್ಸೆಯೊಂದರ ಸಮಯದಲ್ಲಿ ಆಕೆಯ ದೇಹದಿಂದಲೇ ಆ ಜೀವಾಣುವನ್ನು ಬೇರ್ಪಡಿಸಿ ಬೆಳೆಸಿದಾಗ ಈ ಶಂಕೆ ಕೊನೆಗೊಂಡಿತು. ತನ್ನಂತೆಯೇ ನರಳುತ್ತ, ಸೋಮಾರಿಗಳೆಂದೂ ನಟಿಸುವವರೆಂದೂ ಮನೆಯವರಿಂದಲೇ ಅನ್ನಿಸಿಕೊಳ್ಳುವ ರೋಗಿಗಳ ಪರವಾಗಿ ಆಕೆ ಅನಂತರ ಬರೆದಳು, ಮಾತನಾಡಿದಳು. ಸ್ವಭಾವತಃ ಮೃದುವಾದ ಆಕೆಯ ಬರಹದಲ್ಲಿ ಸಿಟ್ಟು ಕಾಣುವುದು ಈ ಒಂದು ವಿಷಯದಲ್ಲಿ.

ಅಷ್ಟರಲ್ಲಿ ವಾದದ ಗಾಳಿ ತಿರುಗಿತ್ತು. ಅಮೆರಿಕದ ಹಲವು ಭಾಗಗಳಿಂದ, ಯೂರೋಪು ಮತ್ತು ಆಫ್ರಿಕಗಳಿಂದಲೂ, ಹಸುಗಳ ಜೀವಾಣುವಿನಿಂದ ಜ್ವರಕ್ಕೀಡಾದ ಮನುಷ್ಯರ ವರದಿಗಳು ಒಂದಾದ ಮೇಲೊಂದು ಬಂದುವು. ಮೇಕೆಯ ಸಹವಾಸವೇ ಇಲ್ಲದ ಊರುಗಳ ರೋಗಿಗಳು ಅವರು. ಇದ್ದ ಸಂಪರ್ಕವೆಂದರೆ ಹಸಿಹಾಲಿನದು, ಇಲ್ಲವೇ ರೋಗ ತಗುಲಿದ ದನಗಳದು, ಹಂದಿಗಳದು. ರಾಷ್ಟ್ರೀಯ ಸಂಶೋಧನ ಮಂಡಲಿ ಕಂದುರೋಗದ ಬಗ್ಗೆ ಒಂದು ಸಮಿತಿಯನ್ನು ರಚಿಸಿದಾಗ ಅದರ ಅಧ್ಯಕ್ಷ ಥಿಯೊಬಾಲ್ಡ್ ಸ್ಮಿತ್. 1925ರಲ್ಲಿ ಆ ಸಮಿತಿಯಲ್ಲಿ ಕೆಲಸ ಮಾಡಲು ಆಲಿಸ್‌ಗೆ ಆಹ್ವಾನ ಬಂದಿತು. ಹಿಂದೆ ಯಾವ ಸಂಘದ ಸಭೆ ಆಕೆಯ ಮಾತನ್ನು ತಲೆಯಲ್ಲಾಡಿಸಿ ತಳ್ಳಿಹಾಕಿತ್ತೋ ಅದೇ ಸಂಘ 1928ರಲ್ಲಿ ಆಕೆಯನ್ನು ತನ್ನ ಅಧ್ಯಕ್ಷೆಯನ್ನಾಗಿ ಪಡೆಯಿತು. ಆ ಪೀಠವನ್ನೇರಿದ ಮೊದಲ ಮಹಿಳೆ ಆಕೆ. 1930ರಲ್ಲಿ ಪ್ಯಾರಿಸ್ಸಿನಲ್ಲಿಯೂ 1936ರಲ್ಲಿ ಲಂಡನ್ನಿನಲ್ಲಿಯೂ ಸೇರಿದ ಸೂಕ್ಷ್ಮಜೀವಿಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನಗಳಿಗೆ ಆಕೆ ತನ್ನ ದೇಶದ ಪ್ರತಿನಿಧಿಯಾಗಿ ಹೋದಳು. 1934ರಲ್ಲಿ ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜು ಆಕೆಗೆ ಗೌರವ ಪದವಿಯನ್ನಿತ್ತಿತು.

ಹಾಲಿನ ಕಾನೂನುಗಳು ಒಂದೇ ದಿನದಲ್ಲಿ ಬದಲಾಗಲಿಲ್ಲ. ಒಬ್ಬ ವ್ಯಕ್ತಿಯಿಂದಲೂ ಬದಲಾಗಲಿಲ್ಲ. ಕ್ಷಯ, ವಿಷಮಶೀತಜ್ವರ, ಗಂಟಲಮಾರಿ ಮುಂತಾದ ರೋಗಗಳ ಭಯದಿಂದ ಷಿಕಾಗೊ ನಗರ 1908ರಲ್ಲಿಯೇ ಪಾಶ್ಚರೀಕರಣದ ನಿಯಮವನ್ನು ತಂದಿತ್ತು. ಸಾರ್ವಜನಿಕ ಆರೋಗ್ಯ ಇಲಾಖೆ 1924ರಲ್ಲಿ ಒಂದು ಮಾದರಿ ಹಾಲು ಶಾಸನವನ್ನು ಸಿದ್ಧಪಡಿಸಿ, ಬೇಕಾದ ರಾಜ್ಯಗಳೂ ನಗರಗಳೂ ಅಳವಡಿಸಿಕೊಳ್ಳುವಂತೆ ಮಾಡಿತು. ಆದರೆ ಪ್ರಮಾಣಿತ ಹಸಿಹಾಲಿನ ಪಕ್ಷದವರಿಗೆ ಉಳಿದಿದ್ದ ಕೊನೆಯ ಆಧಾರವೆಂದರೆ ಶುಚಿತ್ವ. ಶುಚಿಯಾದ ಹಾಲು ಸುರಕ್ಷಿತವಾದ ಹಾಲಲ್ಲದಿರಬಹುದು ಎಂಬುದನ್ನು ಆಲಿಸ್‌ಳ ಸಂಶೋಧನೆ ತೋರಿಸಿಕೊಟ್ಟಿತು. 1930ರ ದಶಕದಲ್ಲಿ ಅಮೆರಿಕದ ಹೈನೋದ್ಯಮ ಪಾಶ್ಚರೀಕರಣವನ್ನು ಬಹುಮಟ್ಟಿಗೆ ಒಪ್ಪಿಕೊಂಡಿತು. 1934ರಲ್ಲಿ ದನಗಳಲ್ಲಿಯೇ ಈ ರೋಗವನ್ನು ನಿರ್ಮೂಲ ಮಾಡುವ ಕಾರ್ಯ ಆರಂಭವಾಯಿತು.

ಸತ್ವದ ಪ್ರಶ್ನೆಯನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಪಾಶ್ಚರೀಕರಣದಿಂದ ಹಾಲಿನ ಸಿ ಜೀವಸತ್ವದಲ್ಲಿ ಒಂದು ಭಾಗ ನಾಶವಾಗುವುದು ನಿಜ. ಆದರೆ ಹಾಲಿನಲ್ಲಿ ಅದು ಮೊದಲೇ ಅಲ್ಪ, ನೆಲ್ಲಿಕಾಯಿ ನಿಂಬೆಗಳಿಂದ ದೊರೆಯುವುದರ ಮುಂದೆ ಲೆಕ್ಕಕ್ಕಿಲ್ಲ. ಸುಣ್ಣದಂಶ, ಪ್ರೋಟೀನು, ಕೊಬ್ಬುಗಳಿಗೆ ಹೇಳಿಕೊಳ್ಳುವಂಥ ನಷ್ಟವಾಗುವುದಿಲ್ಲ. ಹಸಿಹಾಲಿನ ಪಕ್ಷ ಅಷ್ಟಾದರೂ ಅಳಿದಿಲ್ಲ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹಸಿಹಾಲನ್ನು ಒಯ್ದು ಮಾರುವುದನ್ನು 1987ರಲ್ಲಿ ನಿಷೇಧಿಸಲಾಯಿತು. ಹಾಗಿದ್ದರೂ ಹಲವು ರಾಜ್ಯಗಳ ಒಳಗೆ ಅದರ ಮಾರಾಟಕ್ಕೆ ಇಂದಿಗೂ ಅನುಮತಿಯಿದೆ, ಚರ್ಚೆಯೂ ಬಿಸಿಯಾಗಿಯೇ ಇದೆ. ನಮ್ಮ ದೇಶದಲ್ಲಿ ಕಂದುರೋಗ ದನಗಳಲ್ಲಿ ಇನ್ನೂ ಇದೆ. ಹಾಲನ್ನು ಕಾಯಿಸುವ ರೂಢಿ ಬಹು ಮಂದಿಯನ್ನು ಕಾಪಾಡಿದೆ. ಆದರೆ ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಿಂದ ತೆಗೆಯುವ ರೈತರಿಗೆ, ಪಶುವೈದ್ಯರಿಗೆ ಒಲೆಯ ರಕ್ಷಣೆ ಇಲ್ಲ. ಈ ಜ್ವರ ಅವರನ್ನು ಹಿಡಿಯುವುದು ಹೆಚ್ಚು. ಅದಕ್ಕಾಗಿಯೇ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮವೊಂದು 2019ರಲ್ಲಿ ಪ್ರಾರಂಭವಾಯಿತು.

ಆಲಿಸ್ 1939ರಲ್ಲಿ ಬ್ರೂಸೆಲ್ಲದ ಕೆಲಸವನ್ನು ಬಿಟ್ಟು ಬೇರೊಂದು ಬಗೆಯ ಜೀವಾಣುಗಳ ಅಧ್ಯಯನಕ್ಕೆ ತೊಡಗಿ, 1945ರಲ್ಲಿ ನಿವೃತ್ತಳಾದಳು. ಆ ವರ್ಷದಿಂದ 1957ರವರೆಗೆ ಅಮೆರಿಕ ಖಂಡಗಳ ಬ್ರೂಸೆಲ್ಲೋಸಿಸ್ ಸಮಿತಿಗೆ ಗೌರವಾಧ್ಯಕ್ಷೆಯಾಗಿದ್ದಳು. ಆಕೆ ಮದುವೆಯಾಗಲಿಲ್ಲ. ನಿವೃತ್ತಿಯ ಅನಂತರ ಊರೂರಿನ ಮಹಿಳಾ ಸಂಘಗಳಿಗೆ ಹೋಗಿ, ಹುಡುಗಿಯರು ವಿಜ್ಞಾನವನ್ನು ವೃತ್ತಿಯಾಗಿ ಆರಿಸಿಕೊಳ್ಳಬೇಕೆಂದು ಉಪನ್ಯಾಸಗಳನ್ನು ಮಾಡಿದಳು. 1963ರಲ್ಲಿ ತನ್ನ ನೆನಪುಗಳನ್ನು ಬರೆದಿಟ್ಟಳು.

ಎಂಬತ್ತೈದು ವರ್ಷಗಳಾದ ಮೇಲೂ ಆಕೆ ಒಮ್ಮೆ ಸುದ್ದಿಗೆ ಬಂದಳು. ಮುದುಕರಿಗೆ ವೈದ್ಯಕೀಯ ನೆರವನ್ನು ನೀಡುವ ಹೊಸ ಯೋಜನೆಯೊಂದನ್ನು ಅಮೆರಿಕ ಸರ್ಕಾರ ಆಗ ಜಾರಿಗೆ ತಂದಿತ್ತು. 1966ರಲ್ಲಿ ಅದಕ್ಕೆ ಅರ್ಜಿ ಸಲ್ಲಿಸುವಾಗ, ತಾನು ಕಮ್ಯೂನಿಸ್ಟ್ ಸಂಘಗಳಿಗೆ ಸೇರಿದವಳಲ್ಲವೆಂದು ಬರೆದುಕೊಡುವಂತೆ ಅರ್ಜಿಯ ಒಂದು ಕಲಮು ಕೇಳುತ್ತಿತ್ತು. ಆಲಿಸ್ ಕಮ್ಯೂನಿಸ್ಟಳಲ್ಲ, ಸಹಿ ಹಾಕಿದ್ದರೆ ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ರೋಗಿಯ ಚಿಕಿತ್ಸೆಗೂ ಅವನ ರ‍ಾಜಕೀಯ ವಿಚಾರಕ್ಕೂ ಸಂಬಂಧವಿಲ್ಲ, ಇಂಥ ಪ್ರಶ್ನೆ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಆಕೆ ಉತ್ತರ ಕೊಡಲು ನಿರಾಕರಿಸಿದಳು. ಮರುವರ್ಷ ಸರ್ಕಾರವೇ ಆ ನಿಬಂಧನೆ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಒಪ್ಪಿಕೊಂಡಿತು. ಆಕೆಗೆ ಸೌಲಭ್ಯ ದೊರೆಯಿತು.

1975ನೆಯ ಇಸವಿ ಸೆಪ್ಟೆಂಬರ್ 5ರಂದು ವರ್ಜೀನಿಯ ರಾಜ್ಯದ ಅಲೆಕ್ಸಾಂಡ್ರಿಯ ನಗರದಲ್ಲಿ ಆಲಿಸ್ ಇವಾನ್ಸ್ ಪಾರ್ಶ್ವವಾಯುವಿನಿಂದ ತೀರಿಕೊಂಡಳು. ಆಗ ಆಕೆಗೆ 94 ವರ್ಷ.